ಹಾಡಿಗೊಂದು ವಿಳಾಸ ಬರೆದು ಕಳಿಸಿ

ಈ ಸಲ ಬಂದ ಪ್ರಶ್ನೆಗಳೆಲ್ಲ ಹೆಚ್ಚುಕಡಿಮೆ ಒಂದೇ ಜಾಡಿನವು. ಯಾರೋ ಮೊಬೈಲಿಗೆ ಹಾಡು ಕಳಿಸಿದರು, ಇನ್ಯಾರೋ ದೊಡ್ಡವರ ಪತ್ರ ಕಳಿಸಿದರು, ಹಳೇ ಲೇಖನದ ಫೋಟೊ ಬಂತು. ಇದು ನಿಜಾನಾ? ಮುಂದೆ ಕಳಿಸಬಹುದಾ? ನಾನು ರೇಡಿಯೊ ಸ್ಟೇಷನ್ನಿನ ರೆಕಾರ್ಡ್ ಲೈಬ್ರರಿಯಲ್ಲಿ ಕೆಲಸ ಮಾಡಿ ರಿಟೈರ್ ಆದವಳು. ಲೇಬಲ್ ಕಿತ್ತುಹೋದ ಪ್ಲೇಟು ಕಂಡರೆ ನಮಗೆ ಸಂಕಟ. ಹಾಡು ಎಷ್ಟೇ ಚೆನ್ನಾಗಿರಲಿ, ಯಾರದು ಅಂತ ಗೊತ್ತಿಲ್ಲದೆ ಪ್ರಸಾರ ಮಾಡುವ ಹಾಗಿಲ್ಲ. ಆ ಚಾಳಿ ನನ್ನಿಂದ ಹೋಗಿಲ್ಲ. ಉತ್ತರಗಳಲ್ಲಿ ಅದು ಇಣುಕಿದರೆ ಸಹಿಸಿಕೊಳ್ಳಿ.

ಪ್ರಶ್ನೆ (ತುಮಕೂರಿನಿಂದ): ನಮ್ಮ ಮನೆಯವರ ವಾಟ್ಸ್ಯಾಪ್ ಗ್ರೂಪಿನಲ್ಲಿ ದಿನಾ ಒಳ್ಳೊಳ್ಳೆ ಸಂಗೀತ ಹಾಕುತ್ತೇನೆ. ಒಬ್ಬರೂ ಕೇಳುವುದಿಲ್ಲ. ಕೈಮುಗಿಯುವ ಚಿತ್ರ ಒತ್ತಿ ಸುಮ್ಮನಾಗುತ್ತಾರೆ. ಏನು ಮಾಡಲಿ?

ಉತ್ತರ: ಮೊದಲು ದಿನಾ ಹಾಕುವುದನ್ನು ನಿಲ್ಲಿಸಿ. ಎರಡನೆಯದು, ಗ್ರೂಪಿಗೆ ಹಾಕಬೇಡಿ, ಒಬ್ಬರಿಗೆ ಕಳಿಸಿ. ಇಡೀ ಬಳಗಕ್ಕೆ ಹೇಳಿದ ಮಾತನ್ನು ಬಳಗದಲ್ಲಿ ಯಾರೂ ಮೈಮೇಲೆ ಹಾಕಿಕೊಳ್ಳುವುದಿಲ್ಲ, ಅಲ್ವಾ? ಎರಡು ಗಂಟೆಯ ಕಚೇರಿಯ ಲಿಂಕ್ ಕೊಟ್ಟು "ಅದ್ಭುತ! ತಪ್ಪದೆ ಕೇಳಿ" ಅಂದರೆ ಯಾರಿಗೆ ಪುರುಸೊತ್ತಿದೆ? ಎಷ್ಟನೇ ನಿಮಿಷದಿಂದ ಕೇಳಬೇಕು, ಅಲ್ಲಿ ಏನಾಗುತ್ತೆ ಅಂತ ಒಂದು ಸಾಲು ಬರೆಯಿರಿ. ತನಿ ಆವರ್ತನ, ಅಂದರೆ ಮೃದಂಗದವರು ತಾವೇ ನುಡಿಸುವ ಭಾಗ, ಮುಗಿದು ಪಲ್ಲವಿಗೆ ವಾಪಸ್ ಬರುವ ಜಾಗ ಅಂತ ಹೇಳಿದರೆ ಆ ಒಂದು ನಿಮಿಷ ಯಾರಾದರೂ ಕೇಳುತ್ತಾರೆ.

ನಮ್ಮ ಅಕ್ಕನ ಮಗ ಇಂಜಿನಿಯರ್. ರಾಗ ಅಂದರೆ ಆಕಳಿಸುವ ಪೈಕಿ. ಅವನಿಗೆ ನಾನು ಕಳಿಸಿದ್ದು ಹಿಂದುಸ್ತಾನಿ ಗಾಯಕಿ ಕೇಸರಬಾಯಿ ಕೇರ್ಕರ್ ಹಾಡಿದ 'ಜಾತ್ ಕಹಾಂ ಹೋ'. ಭೈರವಿ, ಮೂರೂವರೆ ನಿಮಿಷ. ಜೊತೆಗೆ ಇಷ್ಟು ಬರೆದೆ: "1977ರಲ್ಲಿ ನಾಸಾದವರು ಹಾರಿಸಿದ ಎರಡು ವಾಯೇಜರ್ ನೌಕೆಗಳಲ್ಲಿ ಚಿನ್ನದ ಲೇಪದ ಒಂದೊಂದು ಗ್ರಾಮಫೋನ್ ಪ್ಲೇಟು ಇದೆ. ಅದರಲ್ಲಿರುವ ಭಾರತದ ಸಂಗೀತ ಇದೊಂದೇ. ವಾಯೇಜರ್ 1 ಈಗ ನಮ್ಮಿಂದ 2,400 ಕೋಟಿ ಕಿಲೋಮೀಟರಿಗೂ ಆಚೆ ಇದೆ. ಅದು ಹಾರಿದ್ದು ಸೆಪ್ಟೆಂಬರ್ 5ರಂದು, ಈಯಮ್ಮ ತೀರಿಕೊಂಡಿದ್ದು ಅದೇ ತಿಂಗಳು 16ಕ್ಕೆ." ಅರ್ಧ ಗಂಟೆಯಲ್ಲಿ ಫೋನ್ ಬಂತು. "ಚಿಕ್ಕಮ್ಮಾ, ಇನ್ನೇನೇನಿದೆ ಆ ಪ್ಲೇಟಲ್ಲಿ?"

ಇನ್ನೊಂದು ಇದೆ. ಅದೇ ಪ್ಲೇಟಿನಲ್ಲಿ 55 ಭಾಷೆಗಳಲ್ಲಿ ಶುಭಾಶಯ ಇದೆ, ಅವುಗಳಲ್ಲಿ ಕನ್ನಡವೂ ಒಂದು. "ನಮಸ್ತೆ, ಕನ್ನಡಿಗರ ಪರವಾಗಿ ಶುಭಾಶಯಗಳು." ಒಂದು ಉಸಿರಿನಲ್ಲಿ ಮುಗಿಯುತ್ತೆ. ನಾಸಾದವರೇ ಈ ಶುಭಾಶಯಗಳನ್ನೆಲ್ಲ ಆನ್‌ಲೈನಿನಲ್ಲಿ ಹಾಕಿದ್ದಾರೆ. ನಿಮ್ಮ ಗ್ರೂಪಿಗೆ ಒಂದೇ ಒಂದು ಸಲ ಏನಾದರೂ ಹಾಕುವುದಿದ್ದರೆ ಇದನ್ನು ಹಾಕಿ. ನವೆಂಬರ್ ತನಕ ಕಾಯಬೇಡಿ, ಆಗ ಎಲ್ಲರೂ ಹಾಕುತ್ತಾರೆ.

ಪ್ರಶ್ನೆ (ಮೈಸೂರಿನಿಂದ): ಒಂದು ಹಳೇ ರೆಕಾರ್ಡಿಂಗ್ ಬಂದಿದೆ. ಹಾಡು ಮುಗಿಯುತ್ತಿದ್ದ ಹಾಗೆ ಹಾಡಿದಾಕೆ ಇಂಗ್ಲಿಷಿನಲ್ಲಿ "ಮೈ ನೇಮ್ ಈಸ್ ಗೌಹರ್ ಜಾನ್" ಎಂದು ಕೂಗುತ್ತಾರೆ. ಯಾರೋ ತಮಾಷೆಗೆ ಸೇರಿಸಿದ್ದು ಅಂತ ನಮ್ಮ ಮಾವ. ಹೌದಾ?

ಉತ್ತರ: ನಿಮ್ಮ ಮಾವನವರಿಗೆ ನನ್ನ ನಮಸ್ಕಾರ ತಿಳಿಸಿ, ಹಾಗೇ ಇದು ಅಸಲಿ ಅಂತಲೂ ತಿಳಿಸಿ. 1902ರ ನವೆಂಬರಿನಲ್ಲಿ ಗ್ರಾಮಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಅನ್ನುವವರು ಯಂತ್ರ ಹೊತ್ತುಕೊಂಡು ಕಲ್ಕತ್ತೆಗೆ ಬಂದರು. ಅವರ ಮುಂದೆ ಹಾಡಿದ ಮೊದಲ ದೊಡ್ಡ ಹೆಸರು ಗೌಹರ್ ಜಾನ್. ಮೈಕು ಇಲ್ಲದ ಕಾಲ. ಗೋಡೆಯಿಂದ ಚಾಚಿಕೊಂಡ ದೊಡ್ಡ ಕಹಳೆಯೊಳಗೆ ಮುಖ ತೂರಿಸಿ, ಗಂಟಲು ಬಿಚ್ಚಿ ಹಾಡಬೇಕು. ಆ ಸದ್ದಿಗೇ ಸೂಜಿ ಅಲುಗಾಡಿ ಮೇಣದ ಮೇಲೆ ಗೀರು ಬೀಳಬೇಕು. ಸಿಗುವುದು ಮೂರು ನಿಮಿಷ, ಅಷ್ಟೇ. ಅರ್ಧ ರಾತ್ರಿ ಹಾಡುವ ಖಯಾಲನ್ನು ಮೂರು ನಿಮಿಷಕ್ಕೆ ಇಳಿಸುವುದು ಹೇಗೆ ಅನ್ನುವುದನ್ನು ಈಕೆ ಕಂಡುಕೊಂಡರು. ಆಲಾಪಕ್ಕೆ ಎರಡು ಉಸಿರು, ತಕ್ಷಣ ಬಂದಿಶ್, ಅಂದರೆ ಹಾಡಿನ ಸಾಹಿತ್ಯ, ಕೊನೆಗೆ ವೇಗದ ನಾಲ್ಕಾರು ತಾನಗಳು. ಆಮೇಲೆ ಬಂದವರೆಲ್ಲ ಪ್ಲೇಟಿಗೆ ಹಾಡಿದ್ದು ಹೆಚ್ಚುಕಡಿಮೆ ಇದೇ ಲೆಕ್ಕದಲ್ಲಿ.

ಹೆಸರು ಕೂಗಿದ್ದು ಯಾಕೆ ಅಂದರೆ, ಆಗ ನಮ್ಮಲ್ಲಿ ಪ್ಲೇಟು ಒತ್ತುವ ಕಾರ್ಖಾನೆ ಇರಲಿಲ್ಲ. ಮೇಣದ ಮಾಸ್ಟರು ಹಡಗಿನಲ್ಲಿ ಜರ್ಮನಿಯ ಹ್ಯಾನೋವರಿಗೆ ಹೋಗಿ, ಅಲ್ಲಿ ಪ್ಲೇಟಾಗಿ ವಾಪಸ್ ಬರಬೇಕು. ಅಲ್ಲಿನ ಕೆಲಸಗಾರರಿಗೆ ಠುಮರಿ ಯಾವುದು, ಹಾಡಿದ್ದು ಯಾರು ಹೇಗೆ ಗೊತ್ತಾಗಬೇಕು? ಅದಕ್ಕೆ ಹಾಡಿನ ಕೊನೆಯಲ್ಲೇ ಹೆಸರು. ಅಲಹಾಬಾದಿನ ಜಾನಕೀಬಾಯಿಯೂ ಹೀಗೆ ಹೇಳಿದ್ದಾರೆ. 1908ರಲ್ಲಿ ಕಲ್ಕತ್ತೆಯಲ್ಲೇ ಕಾರ್ಖಾನೆ ಬಂದ ಮೇಲೆ ಅದರ ಅಗತ್ಯ ತಪ್ಪಿತು.

ನೀವು ಮೈಸೂರಿನವರಾದ್ದರಿಂದ ಇಷ್ಟು ಹೇಳಲೇಬೇಕು. ಗೌಹರ್ ಜಾನ್ ಕೊನೆಗಾಲ ಕಳೆದದ್ದು ನಿಮ್ಮ ಊರಿನಲ್ಲೇ. 1928ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಆಸ್ಥಾನಕ್ಕೆ ಕರೆಸಿಕೊಂಡರು. 1930ರ ಜನವರಿ 17ರಂದು ಮೈಸೂರಿನಲ್ಲೇ ತೀರಿಕೊಂಡರು. ಒಂದು ಕಾಲದಲ್ಲಿ ಕಲ್ಕತ್ತೆಯನ್ನು ಕುಣಿಸಿದವರು. ಇವರ ಜೀವನಚರಿತ್ರೆ ಬರೆದ ವಿಕ್ರಮ್ ಸಂಪತ್ ಆಮೇಲೆ ಹಳೇ ಪ್ಲೇಟುಗಳಿಗೆಂದೇ 'ಆರ್ಕೈವ್ ಆಫ್ ಇಂಡಿಯನ್ ಮ್ಯೂಸಿಕ್' ಕಟ್ಟಿದರು. ಅಲ್ಲಿ ಹುಡುಕಿದರೆ ಹಾಡಿದವರ ಹೆಸರಿನ ಸಮೇತ ಸಿಗುತ್ತೆ. ನಿಮಗೆ ಬಂದಿರುವ ಪ್ರತಿಯಲ್ಲಿ ಆ ಕೂಗನ್ನು ಯಾರೂ ಕತ್ತರಿಸಿಲ್ಲ ಅನ್ನುವುದೇ ಸಂತೋಷ. "ಗಲಾಟೆ" ಅಂತ ಕೊನೆಯ ಎರಡು ಸೆಕೆಂಡು ಹಾರಿಸಿ ಹಂಚುವವರನ್ನು ನಾನು ಕಂಡಿದ್ದೇನೆ. ಹೆಸರು ಹೋಗುವುದು ಹೀಗೆಯೇ.

ಪ್ರಶ್ನೆ (ಹುಬ್ಬಳ್ಳಿಯಿಂದ): 'ಗಾಂಧಾರಿ ಹುಬ್ಳಿ' ಅಂತ ಹೆಸರಿರುವ ಹಾಡು ಸಿಕ್ಕಿತು. ಇದು ನಮ್ಮ ಗಂಗೂಬಾಯಿ ಹಾನಗಲ್ಲರೇ ಅಂತಾರೆ. ದನಿ ಹುಡುಗಿಯದು, ಸಣ್ಣಗಿದೆ. ಪ್ಲೇಟು ಜೋರಾಗಿ ತಿರುಗಿಸಿದ್ದಾರಾ?

ಉತ್ತರ: ಅವರೇ. 1930ರ ದಶಕದಲ್ಲಿ ರೆಕಾರ್ಡ್ ಕಂಪನಿ ಎಚ್‌ಎಂವಿಯವರು ಅವರ ಪ್ಲೇಟುಗಳನ್ನು ಆ ಹೆಸರಿನಲ್ಲಿ ತಂದರು. ಆಗ ಅವರಿಗೆ ಇಪ್ಪತ್ತರ ಆಸುಪಾಸು, ದನಿ ಇದ್ದಿದ್ದೇ ಹಾಗೆ. ಆಮೇಲೆ ಗಂಟಲಿನ ತೊಂದರೆಯಾಗಿ, ಟಾನ್ಸಿಲ್ ಚಿಕಿತ್ಸೆಯಾಗಿ ದನಿ ಇಳಿಯಿತು. ನಾವೆಲ್ಲ ತಲೆಬಾಗುವ ಆ ಗಂಡುದನಿಯ ಗಂಭೀರ ಗಂಗೂಬಾಯಿ ಬಂದಿದ್ದು ಅದಾದ ಮೇಲೆ. ಬೇರೆಯವರಾಗಿದ್ದರೆ ಹಾಡುವುದನ್ನೇ ಬಿಡುತ್ತಿದ್ದರೇನೋ. ಅವರು ಆ ದನಿಗೇ ಕಿರಾನಾ ಘರಾಣೆಯ ಹಾಡುವ ಶೈಲಿಯನ್ನು ಹೊಂದಿಸಿಕೊಂಡರು.

ನಿಮ್ಮ ಅನುಮಾನ ಮಾತ್ರ ಸರಿಯಾದ ಅನುಮಾನ. 78 ಸುತ್ತಿನ ಪ್ಲೇಟು ಅಂತ ಹೆಸರಿದ್ದರೂ ಹಳೆಯವೆಲ್ಲ ಸರಿಯಾಗಿ 78ಕ್ಕೇ ಮುದ್ರಣ ಆಗಿಲ್ಲ. ಕಡಿಮೆ ವೇಗದಲ್ಲಿ ಮುದ್ರಿಸಿದ್ದನ್ನು 78ಕ್ಕೆ ತಿರುಗಿಸಿದರೆ ಶ್ರುತಿ ಏರುತ್ತೆ, ಲಯ ಓಡುತ್ತೆ. ಆನ್‌ಲೈನಿನಲ್ಲಿ ಇಂಥವು ಬೇಕಾದಷ್ಟಿವೆ. ಒಂದೇ ಹಾಡು ಎರಡು ಕಡೆ ಸಿಕ್ಕಿದರೆ ಎರಡನ್ನೂ ಕೇಳಿ ನೋಡಿ. ಗಾಂಧಾರಿಯನ್ನೂ, ಅರವತ್ತು ದಾಟಿದ ಗಂಗೂಬಾಯಿಯನ್ನೂ ಒಂದರ ಹಿಂದೆ ಒಂದು ಕೇಳಿ ಯಾರಿಗಾದರೂ ಕಳಿಸಿ. ವಿವರಣೆ ಕೂಡ ಬೇಕಾಗಲ್ಲ.

ಪ್ರಶ್ನೆ (ದಾವಣಗೆರೆಯ ಶಿಕ್ಷಕಿ): ಅಬ್ರಹಾಂ ಲಿಂಕನ್ ತನ್ನ ಮಗನ ಮೇಷ್ಟರಿಗೆ ಬರೆದ ಪತ್ರ ಪ್ರತಿ ಸೆಪ್ಟೆಂಬರಿನಲ್ಲಿ ಬರುತ್ತೆ. ನಮ್ಮ ಸ್ಟಾಫ್ ರೂಮಿನ ಗೋಡೆಯ ಮೇಲೂ ಇದೆ. ಅದು ಲಿಂಕನ್ ಬರೆದದ್ದೇ ಅಲ್ಲ ಅಂತ ಒಬ್ಬ ವಿದ್ಯಾರ್ಥಿ ಹೇಳಿದ. ತೆಗೆಯಬೇಕಾ?

ಉತ್ತರ: ಆ ಹುಡುಗನಿಗೆ ಒಂದು ಪೆನ್ನು ಬಹುಮಾನ ಕೊಡಿ. ಲಿಂಕನ್ನರ ಪತ್ರ, ಭಾಷಣ, ಚೀಟಿ ಚೂರುಗಳನ್ನೆಲ್ಲ ಒಟ್ಟು ಮಾಡಿ 1953ರಲ್ಲಿ ಎಂಟು ಸಂಪುಟಗಳಲ್ಲಿ ತಂದಿದ್ದಾರೆ. ಅದರಲ್ಲಿ ಈ ಪತ್ರ ಇಲ್ಲ. ಮೂಲದ ಹಾಳೆಯನ್ನು ಯಾರೂ ತೋರಿಸಿಲ್ಲ. ಮೇಷ್ಟರ ಹೆಸರಿಲ್ಲ, ತಾರೀಕಿಲ್ಲ, ಊರಿಲ್ಲ. ಮಾತುಗಳು ಚೆನ್ನಾಗಿವೆ, ಒಪ್ಪಿದೆ. ಹಾಗಾದರೆ ಮಾತುಗಳನ್ನು ಇಟ್ಟುಕೊಳ್ಳಿ, ಕೆಳಗಿನ ಹೆಸರಿನ ಮೇಲೆ ಒಂದು ಕಾಗದ ಅಂಟಿಸಿ. ಹೆಸರು ಮುಚ್ಚಿದ ಮೇಲೂ ಅದು ಅಷ್ಟೇ ಚೆನ್ನಾಗಿ ಕಾಣುತ್ತಾ ನೋಡಿ. ಐನ್‌ಸ್ಟೈನ್ ಮಗಳಿಗೆ ಪ್ರೀತಿಯ ಶಕ್ತಿಯ ಬಗ್ಗೆ ಬರೆದರು ಅನ್ನುವ ಪತ್ರ, ಚಾಪ್ಲಿನ್ ಮಗಳಿಗೆ ಬರೆದರು ಅನ್ನುವ ಪತ್ರ, ಎರಡೂ ಇದೇ ಜಾತಿ. ಚಾಪ್ಲಿನ್ನರದ್ದನ್ನು ಬರೆದದ್ದು ಇರಾನಿನ ಒಬ್ಬ ಪತ್ರಕರ್ತ.

ಮಕ್ಕಳಿಗೆ ಓದಿಸಲು ಲಿಂಕನ್ನರ ಅಸಲಿ ಪತ್ರವೇ ಬೇಕಾ? ತಗೊಳ್ಳಿ. 1860ರ ಅಕ್ಟೋಬರ್. ಲಿಂಕನ್ ಚುನಾವಣೆಗೆ ನಿಂತಿದ್ದಾರೆ. ನ್ಯೂಯಾರ್ಕ್ ರಾಜ್ಯದ ವೆಸ್ಟ್‌ಫೀಲ್ಡ್ ಅನ್ನುವ ಊರಿನಿಂದ 11 ವರ್ಷದ ಗ್ರೇಸ್ ಬೆಡೆಲ್ ಕಾಗದ ಬರೆಯುತ್ತಾಳೆ. ನಿಮ್ಮ ಮುಖ ತುಂಬ ಸಣಕಲು, ಗಡ್ಡ ಬಿಟ್ಟರೆ ಚೆನ್ನಾಗಿ ಕಾಣುತ್ತೀರಿ, ಹೆಂಗಸರಿಗೆಲ್ಲ ಗಡ್ಡ ಇಷ್ಟ, ಅವರು ಗಂಡಂದಿರನ್ನು ಪೀಡಿಸಿ ನಿಮಗೆ ವೋಟು ಹಾಕಿಸುತ್ತಾರೆ ಅಂತ. ಹೆಂಗಸರಿಗೆ ಆಗ ವೋಟಿರಲಿಲ್ಲವಲ್ಲ! ನಾಲ್ಕೇ ದಿನಕ್ಕೆ, 19ನೇ ತಾರೀಕು, ಲಿಂಕನ್ ಉತ್ತರ ಬರೆದರು. ನನಗೆ ಹೆಣ್ಣುಮಕ್ಕಳಿಲ್ಲ, ಮೂವರು ಗಂಡುಮಕ್ಕಳು. ಇಷ್ಟು ದಿನ ಇಲ್ಲದ ಗಡ್ಡ ಈಗ ಬಿಟ್ಟರೆ ಜನ ಆಡಿಕೊಳ್ಳುವುದಿಲ್ಲವಾ ಅಂತ. ಬಿಡುತ್ತೇನೆ ಅಂತ ಮಾತು ಕೊಡಲಿಲ್ಲ, ಆದರೆ ಬಿಟ್ಟರು. ಮರುವರ್ಷ ಪ್ರಮಾಣವಚನಕ್ಕೆ ಹೋಗುವ ದಾರಿಯಲ್ಲಿ ರೈಲು ವೆಸ್ಟ್‌ಫೀಲ್ಡಿನಲ್ಲಿ ನಿಂತಾಗ ಆ ಹುಡುಗಿಯನ್ನು ಕೇಳಿ ಕರೆಸಿ ಮಾತಾಡಿಸಿದರು. ಅವಳ ಕಾಗದ ಇವತ್ತಿಗೂ ಡೆಟ್ರಾಯಿಟ್‌ನ ಸಾರ್ವಜನಿಕ ಲೈಬ್ರರಿಯಲ್ಲಿದೆ. ಅವಳ ಕೈಬರಹದ ಚಿತ್ರವೂ ಆನ್‌ಲೈನಿನಲ್ಲಿ ಸಿಗುತ್ತೆ. ಗೋಡೆಗೆ ಅದನ್ನು ಹಾಕಿ. ಆರನೇ ಕ್ಲಾಸಿನವರು ನಿಂತು ಓದುತ್ತಾರೆ.

ಗಾಂಧೀಜಿ ಹೆಸರಿನಲ್ಲಿ ಬರುವ ಪತ್ರಗಳಿಗೆ ಇನ್ನೂ ಸುಲಭ ದಾರಿ ಇದೆ. ಅವರ ಸಮಗ್ರ ಬರಹ 100 ಸಂಪುಟ, ಆನ್‌ಲೈನಿನಲ್ಲಿ ಪುಕ್ಕಟೆ ಸಿಗುತ್ತೆ. 1939ರ ಜುಲೈ 23ರಂದು ಹಿಟ್ಲರನಿಗೆ "ಪ್ರಿಯ ಮಿತ್ರ" ಅಂತ ಶುರು ಮಾಡಿ ಬರೆದ ಚಿಕ್ಕ ಪತ್ರ ಅಲ್ಲಿದೆ. ನಂಬಲಿಕ್ಕಾಗದ ಪತ್ರ, ಆದರೆ ನಿಜವಾದದ್ದು. ಬ್ರಿಟಿಷ್ ಸರ್ಕಾರ ಅದನ್ನು ಹೋಗಗೊಡಲಿಲ್ಲ.

ಪ್ರಶ್ನೆ (ಶಿವಮೊಗ್ಗದ ಕಾಲೇಜು ವಿದ್ಯಾರ್ಥಿ): ಪಾಶ್ಚಾತ್ಯ ಶಾಸ್ತ್ರೀಯ ಸಂಗೀತ ಎಲ್ಲಿಂದ ಶುರು ಮಾಡೋದು ಮೇಡಂ? ಬೀಥೊವೆನ್, ಮೊಜಾರ್ಟ್ ಅಂತ ಎಲ್ಲರೂ ಹೇಳ್ತಾರೆ. ನಮಗೆ ಹತ್ತಿರ ಅನ್ನಿಸೋ ಹಾಗೆ ಏನಾದ್ರೂ ಇದ್ಯಾ?

ಉತ್ತರ: ಇದೆಯಪ್ಪ. ಮೈಸೂರಿನಿಂದಲೇ ಶುರು ಮಾಡು. ಜರ್ಮನಿಯ ರಿಚರ್ಡ್ ಸ್ಟ್ರಾಸ್ 1948ರಲ್ಲಿ, 84ನೇ ವಯಸ್ಸಿನಲ್ಲಿ ನಾಲ್ಕು ಹಾಡುಗಳಿಗೆ ಸಂಗೀತ ಬರೆದ. ಮೂರು ಹರ್ಮನ್ ಹೆಸ್ಸೆಯ ಕವಿತೆ, ನಮ್ಮವರು ಓದುವ 'ಸಿದ್ಧಾರ್ಥ'ದ ಹೆಸ್ಸೆಯೇ. ಇನ್ನೊಂದು ಐಖೆಂಡಾರ್ಫ್ ಅನ್ನುವ ಹಳೇ ಕವಿಯದು. ಇವನ್ನು ಮೊದಲು ನೀವೇ ಹಾಡಬೇಕು, ಒಳ್ಳೇ ಆರ್ಕೆಸ್ಟ್ರಾ ಇರಬೇಕು ಅಂತ ನಾರ್ವೆಯ ಗಾಯಕಿ ಕರ್ಸ್ಟನ್ ಫ್ಲಾಗ್‌ಸ್ಟಾಡ್‌ಗೆ ಪತ್ರ ಬರೆದ. ಕೇಳುವ ಯೋಗ ಅವನಿಗಿರಲಿಲ್ಲ, 1949ರ ಸೆಪ್ಟೆಂಬರಿನಲ್ಲಿ ತೀರಿಕೊಂಡ.

ದೊಡ್ಡ ಆರ್ಕೆಸ್ಟ್ರಾ ಅಂದರೆ ದೊಡ್ಡ ಖರ್ಚು. ಯುದ್ಧ ಮುಗಿದ ಲಂಡನ್, ದುಡ್ಡಿಗೆ ಬರ. ಆಗ 4,800 ಡಾಲರಿಗೆ ನಾನು ಜವಾಬ್ದಾರಿ ಅಂತ ಮುಂದೆ ಬಂದವರು ನಮ್ಮ ಜಯಚಾಮರಾಜ ಒಡೆಯರು. 1950ರ ಮೇ 22ರಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಫ್ಲಾಗ್‌ಸ್ಟಾಡ್ ಹಾಡಿದರು, ಫುರ್ಟ್‌ವೆಂಗ್ಲರ್ ಫಿಲ್‌ಹಾರ್ಮೋನಿಯಾ ಆರ್ಕೆಸ್ಟ್ರಾ ನಡೆಸಿದರು. ಒಡೆಯರಿಗೆ ಹೋಗಲು ಆಗಲಿಲ್ಲ. ಅವರಿಗೋಸ್ಕರ ಅಂತಲೇ ಅದನ್ನು ಪ್ಲೇಟಿನ ಮೇಲೆ ಮುದ್ರಿಸಿ ಮೈಸೂರಿಗೆ ಕಳಿಸಿದರು. ಅವರ ಹತ್ತಿರ ಆಗಲೇ 20,000ದಷ್ಟು ಪ್ಲೇಟುಗಳಿದ್ದವು ಅಂತ ಅಂದಾಜು.

ಆ ಮುದ್ರಣ ಈಗ ಕೇಳಲು ಸಿಗುತ್ತೆ. ಆದರೆ ಅದನ್ನೇ ಮೊದಲು ಹಾಕಬೇಡ. ಪ್ಲೇಟು ಸವೆದು ಹೋಗಿತ್ತು, ಕರಕರ ಸದ್ದು ಜಾಸ್ತಿ, ದನಿ ಆ ಸದ್ದಿನ ಹಿಂದಿನಿಂದ ಬರುತ್ತೆ. ಮೊದಲು ಅಮೆರಿಕದ ಗಾಯಕಿ ಜೆಸ್ಸಿ ನಾರ್ಮನ್ ಹಾಡಿದ್ದು ಕೇಳು, ಅದರಲ್ಲೂ 'ಇಮ್ ಆಬೆಂಡ್‌ರೋಟ್' ಅನ್ನುವುದೊಂದೇ. ಹತ್ತು ನಿಮಿಷದ ಹತ್ತಿರ. ಗಂಡ ಹೆಂಡತಿ ಇಬ್ಬರೂ ಮುದುಕರು, ಸಂಜೆ ಬೆಳಕಿನಲ್ಲಿ ನಿಂತಿದ್ದಾರೆ. ಸುಖದುಃಖದಲ್ಲಿ ಕೈಹಿಡಿದು ನಡೆದು ಸಾಕಾಗಿದೆ. ಎರಡು ಬಾನಾಡಿಗಳು ಮೇಲೇರುತ್ತವೆ, ಕೊಳಲುಗಳು ಅವುಗಳ ದನಿ ನುಡಿಸುತ್ತವೆ. ಇದೇ ಸಾವು ಇರಬಹುದೇ ಅಂತ ಕೇಳಿ ಹಾಡು ನಿಲ್ಲುತ್ತೆ. ಪದ ಅರ್ಥವಾಗದಿದ್ದರೂ ಪರವಾಗಿಲ್ಲ. ಆಮೇಲೆ ಫ್ಲಾಗ್‌ಸ್ಟಾಡ್ ಮುದ್ರಣ ಹಾಕು. ಆ ಕರಕರ ಸದ್ದೂ ಮೈಸೂರಿನದು ಅನ್ನಿಸುತ್ತೆ, ನನಗಂತೂ ಅನ್ನಿಸಿದೆ.

ಅಲ್ಲಿಗೇ ನಿಲ್ಲಿಸಬೇಡ. ಲಂಡನ್ನಿನಲ್ಲಿ ಕಾಯಿಲೆ ಬಿದ್ದು ಮೂಲೆಗುಂಪಾಗಿದ್ದ ರಷ್ಯಾದ ಸಂಗೀತಗಾರ ನಿಕೊಲಾಯ್ ಮೆಟ್ನರ್ ಸಂಗೀತವನ್ನು ಅವನ ಕೈಯಲ್ಲೇ ನುಡಿಸಿ ಪ್ಲೇಟು ಮಾಡಿಸಿದ್ದೂ ಒಡೆಯರೇ. ಮೆಟ್ನರ್ ತನ್ನ ಮೂರನೇ ಪಿಯಾನೊ ಕಂಚೇರ್ಟೊವನ್ನು (ಪಿಯಾನೊ ಮತ್ತು ಆರ್ಕೆಸ್ಟ್ರಾಗೆಂದು ಬರೆದ ಕೃತಿ) ಮೈಸೂರು ಮಹಾರಾಜರಿಗೆ ಅರ್ಪಿಸಿದ. ಇಷ್ಟೆಲ್ಲ ಮಾಡಿದ ಮನುಷ್ಯ ಇನ್ನೊಂದು ಕಡೆ ಶ್ರೀವಿದ್ಯಾ ಅಂಕಿತದಲ್ಲಿ 94 ಕೃತಿ ರಚಿಸಿದ್ದಾರೆ. ಆ ಕೃತಿಗಳನ್ನೂ ಕೇಳು. ಒಂದು ಕಿವಿಗೆ ಅದು, ಒಂದು ಕಿವಿಗೆ ಇದು.

ಪ್ರಶ್ನೆ (ಬೆಳಗಾವಿಯಿಂದ): ಮೊಮ್ಮಗಳು ಅಮೆರಿಕಾದಲ್ಲಿ ಭರತನಾಟ್ಯ ಕಲಿಯುತ್ತಿದ್ದಾಳೆ. ಅವಳಿಗೆ ಕಳಿಸಲು ಒಂದೇ ಒಂದು ವಿಡಿಯೊ ಹೇಳಿ.

ಉತ್ತರ: ಬಾಲಸರಸ್ವತಿಯವರ 'ಕೃಷ್ಣಾ ನೀ ಬೇಗನೆ ಬಾರೋ'. ಸತ್ಯಜಿತ್ ರಾಯ್ 1976ರಲ್ಲಿ ಅವರ ಮೇಲೆ ಮಾಡಿದ 'ಬಾಲಾ' ಅನ್ನುವ ಚಿಕ್ಕ ಚಿತ್ರದಲ್ಲಿದೆ. ಕಡಲ ದಂಡೆ, ಜೋರು ಗಾಳಿ, ಸೆರಗು ಹಾರುತ್ತಿದೆ. ಆ ವಯಸ್ಸಿನಲ್ಲಿ, ಆ ಗಾಳಿಯಲ್ಲಿ, ಬಾರದ ಮಗುವನ್ನು ಕರೆಯುತ್ತಾರೆ. ತಮಿಳುನಾಡಿನ ಕಲಾವಿದೆ, ಪದ ನಮ್ಮ ವ್ಯಾಸರಾಯರದು. ಮೊಮ್ಮಗಳಿಗೆ ಕಳಿಸುವಾಗ ಹಾಡಿನ ಸಾಲುಗಳನ್ನು ನೀವೇ ಕನ್ನಡದಲ್ಲಿ ಓದಿ ಒಂದು ವಾಯ್ಸ್ ಮೆಸೇಜ್ ಮಾಡಿ ಜೊತೆಗಿಡಿ. ಅವಳ ಟೀಚರಿಗೂ ಉಚ್ಚಾರಣೆಗೆ ಉಪಯೋಗಕ್ಕೆ ಬರುತ್ತೆ.

ಪ್ರಶ್ನೆ (ಶಿರಸಿಯಿಂದ): ಹಳೇ ಮಾಸಪತ್ರಿಕೆಯ ಲೇಖನದ ಫೋಟೊ ತೆಗೆದು ಸ್ನೇಹಿತರಿಗೆ ಕಳಿಸುತ್ತೇನೆ. ತಪ್ಪೇನಾದರೂ ಇದೆಯಾ?

ಉತ್ತರ: ನಾಲ್ಕು ಜನಕ್ಕೆ ಓದಲು ಕೊಡುವುದು ಒಂದು, ಎಲ್ಲರಿಗೂ ಸಿಗುವ ಹಾಗೆ ಹಾಕುವುದು ಇನ್ನೊಂದು. ಬರೆದವರು ತೀರಿಕೊಂಡು 60 ವರ್ಷ ಆಗುವ ತನಕ ಹಕ್ಕು ಅವರ ಮನೆಯವರದು. ಅದಿರಲಿ, ನನ್ನ ತಕರಾರು ಬೇರೆ. ಫೋಟೊದಲ್ಲಿ ಲೇಖನ ಇರುತ್ತೆ, ಪತ್ರಿಕೆಯ ಹೆಸರಿರಲ್ಲ, ತಿಂಗಳಿರಲ್ಲ, ಪುಟದ ನಂಬರಿರಲ್ಲ. ಮುಖಪುಟದ್ದೊಂದು ಫೋಟೊ ಜಾಸ್ತಿ ತೆಗೆದರೆ ಕೈ ನೋಯುತ್ತಾ? ಇನ್ನು ಹುಡುಕುವವರಿಗೆ: ಇಂಟರ್ನೆಟ್ ಆರ್ಕೈವಿನಲ್ಲಿ ಹಳೇ ಕನ್ನಡ ಪುಸ್ತಕಗಳು ರಾಶಿ ಇವೆ. ಹೆಸರುಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಮನಸ್ಸಿಗೆ ಬಂದ ಹಾಗೆ ಬರೆದಿರುತ್ತಾರೆ. ಒಂದೊಂದು ಹೆಸರನ್ನೂ ಮೂರ್ನಾಲ್ಕು ಥರ ಬರೆದು ಹುಡುಕಿ.

ಪ್ರಶ್ನೆ (ಧಾರವಾಡದಿಂದ): ನಮ್ಮ ತಂದೆ ಊರಿನ ಉತ್ಸವದ ಕಚೇರಿಗಳನ್ನು ಕ್ಯಾಸೆಟ್ಟಿನಲ್ಲಿ ಹಿಡಿದಿಟ್ಟಿದ್ದರು. ಒಂದು ಟ್ರಂಕ್ ತುಂಬ ಇವೆ. ಆನ್‌ಲೈನಿನಲ್ಲಿ ಹಾಕಬೇಕು ಅಂತ ಆಸೆ.

ಉತ್ತರ: ಆಹಾ, ಬಹಳ ದಿನಕ್ಕೆ ಒಂದು ಒಳ್ಳೇ ಪ್ರಶ್ನೆ. ಮೊದಲ ಕೆಲಸ: ಕ್ಯಾಸೆಟ್ಟಿನ ಮೇಲ್ಗಡೆ ಎರಡು ಪುಟ್ಟ ಪ್ಲಾಸ್ಟಿಕ್ ಚೂರುಗಳಿರುತ್ತವೆ. ಅವನ್ನು ಮುರಿದುಬಿಡಿ. ಆಮೇಲೆ ಯಾರಾದರೂ ಅಪ್ಪಿತಪ್ಪಿ ರೆಕಾರ್ಡ್ ಗುಂಡಿ ಒತ್ತಿದರೂ ಅಳಿಸಿಹೋಗಲ್ಲ. ಟೇಪಿನ ಹಿಂದೆ ಸಣ್ಣ ಮೆತ್ತನೆ ಚೂರೊಂದು ಇರುತ್ತೆ, ಅದು ಬಿದ್ದುಹೋಗಿದ್ದರೆ ದನಿ ಮಂಕಾಗುತ್ತೆ. ಬೇರೆ ಹಾಳಾದ ಕ್ಯಾಸೆಟ್ಟಿನಿಂದ ಕಿತ್ತು ಹಾಕಿಸಿ. ಪ್ಲೇಯರಿನ ಹೆಡ್ಡನ್ನು ಐಸೊಪ್ರೊಪೈಲ್ ಆಲ್ಕೊಹಾಲ್ ಅದ್ದಿದ ಹತ್ತಿಕಡ್ಡಿಯಿಂದ ಒರೆಸಿ. ವರ್ಷಗಟ್ಟಲೆ ಸುಮ್ನೆ ಕೂತ ಟೇಪನ್ನು ಒಂದು ಸಲ ಪೂರ್ತಿ ಮುಂದಕ್ಕೆ, ಪೂರ್ತಿ ಹಿಂದಕ್ಕೆ ಸುತ್ತಿ ಆಮೇಲೆ ಹಾಕಿ. ಪ್ಲೇಯರಿನಿಂದ ಕಂಪ್ಯೂಟರಿಗೆ ವೈರು ಕೊಟ್ಟು, ಆಡಾಸಿಟಿ ಅನ್ನುವ ಪುಕ್ಕಟೆ ಸಾಫ್ಟ್‌ವೇರಿನಲ್ಲಿ ಇಳಿಸಿಕೊಳ್ಳಿ. ವೇವ್ ಫೈಲ್ ಆಗಿ ಉಳಿಸಿ. ಎಂಪಿ3 ಹಂಚುವುದಕ್ಕೆ ಮಾತ್ರ.

ಸೊಂಯ್ ಸದ್ದು ತೆಗೆಯುವ ಗುಂಡಿ ಒಂದಿದೆ. ದಯವಿಟ್ಟು ಅದನ್ನು ಮುಟ್ಟಬೇಡಿ. ಅದಕ್ಕೆ ತಂಬೂರಿಯೂ ಸದ್ದೇ. ಎಲ್ಲಾ ಸೇರಿಸಿ ನುಂಗಿಬಿಡುತ್ತೆ, ಗಾಯಕರು ಬಾವಿಯೊಳಗೆ ಕೂತು ಹಾಡಿದ ಹಾಗಾಗುತ್ತೆ. ಮುಟ್ಟಲೇಬೇಕು ಅಂದರೆ ಇನ್ನೊಂದು ಪ್ರತಿಯ ಮೇಲೆ ಪ್ರಯೋಗ ಮಾಡಿ.

ಹಾಕುವ ಮುಂಚೆ ಕೇಳುವುದು ಇದ್ದೇ ಇದೆ. ಕಚೇರಿ ನಡೆದ ಮುಂದಿನ ವರ್ಷದಿಂದ 50 ವರ್ಷ ಹಾಡಿದವರಿಗೆ, ನುಡಿಸಿದವರಿಗೆ ಅದರ ಮೇಲೆ ಹಕ್ಕಿದೆ. ಧ್ವನಿಮುದ್ರಣದ ಹಕ್ಕು 60 ವರ್ಷದ್ದು. ಹಾಡಿದವರು ಇದ್ದರೆ ಅವರನ್ನೇ, ಇಲ್ಲದಿದ್ದರೆ ಮಕ್ಕಳನ್ನು ಕೇಳಿ. ಬಹಳಷ್ಟು ಮನೆಗಳವರಿಗೆ ತಮ್ಮವರ ಇಂಥ ಮುದ್ರಣ ಇದೆ ಅಂತಲೇ ಗೊತ್ತಿರುವುದಿಲ್ಲ. ಸಂತೋಷದಿಂದ ಹೂಂ ಅಂತಾರೆ, ಕೆಲವರು ಬೇಡ ಅಂತಾರೆ, ಬೇಡ ಅಂದರೆ ಬೇಡ.

ಮತ್ತೆ ಪಕ್ಕವಾದ್ಯದವರ ಹೆಸರು. ತಬಲಾ ಯಾರು, ಪೇಟಿ ಯಾರು, ತಂಬೂರಿಗೆ ಕೂತವರು ಯಾರು. ನಿಮ್ಮ ತಂದೆಯವರ ಜೊತೆ ಮುಂದಿನ ಸಾಲಿನಲ್ಲಿ ಕೂರುತ್ತಿದ್ದವರು ಊರಿನಲ್ಲಿ ಇನ್ನೂ ಇದ್ದರೆ ಈ ವಾರವೇ ಹೋಗಿ ಒಂದು ಕ್ಯಾಸೆಟ್ ಹಾಕಿ ಕೇಳಿಸಿ. ತಬಲಾದ ಬಡಿತದ ಮೇಲೇ ಹೆಸರು ಹೇಳುವವರು ಧಾರವಾಡದಲ್ಲಿ ಸಿಗುತ್ತಾರೆ. ಟ್ರಂಕನ್ನು ಮಾತ್ರ ಅಟ್ಟದಿಂದ ಇಳಿಸಿ, ಬೇಸಿಗೆಯಲ್ಲಿ ಹಂಚಿನ ಕೆಳಗಿನ ಶೆಕೆ ಟೇಪಿಗೆ ಆಗಿಬರಲ್ಲ.

ಪ್ರಶ್ನೆ (ಬೆಂಗಳೂರಿನಿಂದ): ಸಂಗೀತವನ್ನು ಒಂದೂವರೆ ಪಟ್ಟು ವೇಗದಲ್ಲಿ ಕೇಳಬಹುದಾ? ಟೈಮ್ ಇಲ್ಲ.

ಉತ್ತರ: ಭಾಷಣ ಕೇಳಿ, ನನ್ನ ಅಂಕಣವನ್ನೂ ಬೇಕಾದರೆ ಹಾಗೇ ಓದಿಸಿಕೊಳ್ಳಿ. ನಿಧಾನಗತಿಯ ವಿಲಂಬಿತ್ ಖಯಾಲಿಗೆ ಮಾತ್ರ ಹಾಗೆ ಮಾಡಬೇಡಿ. ಟೈಮ್ ಇಲ್ಲದಿದ್ದರೆ ಗೌಹರ್ ಜಾನ್ ಹಾಕಿಕೊಳ್ಳಿ, ಮೂರೇ ನಿಮಿಷ. ಒಂದು ಸಿಗ್ನಲ್ಲಿಗೆ ಒಂದು ಹಾಡು.